ಖಾಲಿ ಸೋಮವಾರ

ಸುಭಾಸನ ಮನೆತನಕ್ಕೆ ಒಂದು ಗುಂಟೆ ಹೊಲವೂ ಇರಲಿಲ್ಲ.

ಮೂರು ತಲೆಮಾರಿನಿಂದ ಬೈಲಹೊಂಗಲದ ಪೇಟೆಯಲ್ಲಿ ಹಗ್ಗ, ಕೊಡಲಿ, ಕುಡಗೋಲು ಮಾರಿಕೊಂಡು ಬಂದವರು. ದಿನಕ್ಕೆ ಐವತ್ತು ರೈತರ ಜೊತೆ ಮಾತಾಡುತ್ತಿದ್ದರು. ಎತ್ತಿನ ಹಿಂದೆ ಹತ್ತು ಹೆಜ್ಜೆ ನಡೆದವರು ಮಾತ್ರ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಅಪ್ಪ ಶಂಕ್ರೆಪ್ಪ ಅಂಗಡಿಗೆ ಹತ್ತಿದ ಖೋಲಿಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದ. ಅಲ್ಲಿ ಒಂದು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಕುರ್ಚಿ. ಹೊರಗೆ ‘ಟೈಪಿಂಗ್, ಝೆರಾಕ್ಸ್’ ಎಂಬ ಬೋರ್ಡು. ಒಳಗೆ ಎಷ್ಟು ಊದಿನಕಡ್ಡಿ ಹಚ್ಚಿದರೂ ಹೊಸ ಹಗ್ಗದ ವಾಸನೆ.

ಎರಡು ಸಾವಿರದ ಆರನೇ ಇಸವಿ, ಜುಲೈ ತಿಂಗಳ ಮೊದಲ ಗುರುವಾರ ತಸ್ಲೀಮ್ ಒಳಗೆ ಬಂದಳು. ಕೈಯಲ್ಲಿ ನೂರು ಹಾಳೆಯ ನೋಟ್‌ಬುಕ್ಕು, ಚಪ್ಪಲಿಗೆ ಒಣಗಿದ ಎರೆಮಣ್ಣು.

“ಇದನ್ನ ಟೈಪ್ ಮಾಡಿ ಕೊಡ್ರಿ. ಕೆಳಗ ಟೋಟಲ್ ಬರಬೇಕು.”

ಹತ್ತಿ ಗಿಡಗಳ ಲೆಕ್ಕ. ಎಡಕ್ಕೆ ಹೆಣ್ಣು ಸಾಲು, ಬಲಕ್ಕೆ ಗಂಡು ಸಾಲು. ಒಂದು ಬೀಜದ ಕಂಪನಿಗೆ ಹೈಬ್ರಿಡ್ ಬೀಜ ಬೆಳೆದುಕೊಡುತ್ತಿದ್ದಳು. ಕಂಪನಿಯ ಆಫೀಸರ್ ಗುರುವಾರಕ್ಕೊಮ್ಮೆ ಬೈಲಹೊಂಗಲಕ್ಕೆ ಬಂದು ವರದಿ ತೆಗೆದುಕೊಳ್ಳುತ್ತಿದ್ದ. ಕೈಬರಹ ಅವನಿಗೆ ನಡೆಯುತ್ತಿರಲಿಲ್ಲ.

ಸುಭಾಸ ಟೈಪ್ ಮಾಡಿದ. ಕ್ಯಾಲ್ಕ್ಯುಲೇಟರ್ ಒತ್ತಿ ಟೋಟಲ್ ಹಾಕಿದ. ಪ್ರಿಂಟ್ ತೆಗೆದು ಕೊಟ್ಟ. ಅವಳು ನಿಂತಲ್ಲೇ ಮೇಲಿಂದ ಕೆಳಗೆ ಒಂದು ಸಲ ಕಣ್ಣಾಡಿಸಿದಳು.

“ಸಾವಕಾರ್ರ, ನಲವತ್ತ ಕಡಿಮಿ ಐತಿ.”

“ಕ್ಯಾಲ್ಕ್ಯುಲೇಟರ್‌ನ್ಯಾಗ ಮಾಡೇನ್ರಿ.”

“ಕ್ಯಾಲ್ಕ್ಯುಲೇಟರ್ ಸುಳ್ಳ ಹೇಳಂಗಿಲ್ಲ. ಅದನ್ನ ಒತ್ತೂ ಬಟ್ಟ ಹೇಳತಾವು.”

ಅವನ ಕಿಸೆಯ ಪೆನ್ನನ್ನು ಕೇಳದೆ ತೆಗೆದುಕೊಂಡು ಅಂಕಿ ತಿದ್ದಿ, ಪೆನ್ನನ್ನು ಮೇಜಿನ ಮೇಲಿಟ್ಟು ಹೋದಳು. ಆ ಸಂಜೆಯ ತನಕ ಸುಭಾಸ ಪೆನ್ನನ್ನು ಕಿಸೆಗೆ ಹಾಕಿಕೊಳ್ಳಲಿಲ್ಲ. ಅವಮಾನಕ್ಕೋ ಬೇರೆ ಯಾವುದಕ್ಕೋ ಅವನಿಗೇ ತಿಳಿಯಲಿಲ್ಲ.

ಅವನ ಕಂಪ್ಯೂಟರಿನ ವಿಂಡೋಸ್ ವೈರಸ್ ಬಡಿದು ಸತ್ತು ವರ್ಷವಾಗಿತ್ತು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿಕೊಂಡಿದ್ದ. ಅದರಲ್ಲಿ ಬರಿಯ ಅಕ್ಷರಗಳ ಒಂದು ಎಡಿಟರ್ ಇತ್ತು. ಕಪ್ಪು ಪರದೆ, ಬಿಳಿ ಅಕ್ಷರ, ಚಿತ್ರವಿಲ್ಲ, ಬಣ್ಣವಿಲ್ಲ. ನಡುನಡುವೆ ಉದ್ದಗೆರೆ ಹಾಕಿ ಅಂಕಿ ಬರೆದು ಟ್ಯಾಬ್ ಕೀ ಒತ್ತಿದರೆ ಅದೇ ಕೋಷ್ಟಕವಾಗಿ ಸಾಲುಗಟ್ಟುತ್ತಿತ್ತು. ಕೋಷ್ಟಕದ ಕೆಳಗೆ ಒಂದು ಸಾಲು ಸೂತ್ರ ಬರೆದರೆ ಲೆಕ್ಕವನ್ನೂ ತಾನೇ ಮಾಡುತ್ತಿತ್ತು. ಆ ವಾರ ಸುಭಾಸ ಬೇರೆ ಏನನ್ನೂ ಕಲಿಯಲಿಲ್ಲ.

ಮುಂದಿನ ಗುರುವಾರ ಅವಳನ್ನು ಕುರ್ಚಿಯಲ್ಲಿ ಕೂಡಿಸಿದ.

“ಯಾವದಾರ ಒಂದ ಅಂಕಿ ಬದಲ ಮಾಡ್ರಿ.”

ಅವಳು ಒಂದೇ ಬೆರಳಿನಿಂದ ಅರವತ್ತೆರಡನ್ನು ಇಪ್ಪತ್ತಾರು ಮಾಡಿದಳು. ಅವನು ಕೀ ಒತ್ತಿದ. ಕೆಳಗಿನ ಟೋಟಲ್ ಬದಲಾಯಿತು. ಅವಳು ತುಟಿ ಅಲುಗಿಸದೆ ಮನಸ್ಸಿನಲ್ಲೇ ಕೂಡಿಸುವುದು ಕಾಣುತ್ತಿತ್ತು. ಹುಬ್ಬು ಮಾತ್ರ ತುಸು ಏರಿಳಿಯುತ್ತಿತ್ತು. ಮತ್ತೊಂದು ಅಂಕಿ ಬದಲಿಸಿದಳು. ಮತ್ತೊಂದು. ಆರನೇ ಸಲಕ್ಕೆ ಅಂದಳು:

“ಹೌದು.”

ಅಷ್ಟೇ. ಆ ಒಂದು ಮಾತಿನ ಮೇಲೆ ಸುಭಾಸ ಮುಂದಿನ ಗುರುವಾರದವರೆಗೆ ದಿನ ತಳ್ಳಿದ.

ಆಮೇಲೆ ಕೆಲಸಗಳ ಪಟ್ಟಿ ಬಂತು. ಕಳೆ ತೆಗೆಯುವುದು, ಗೊಬ್ಬರ, ಔಷಧಿ. ಪ್ರತಿ ಕೆಲಸದ ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ‘ಬಾಕಿ’ ಎಂದು ಬರೆದಿಟ್ಟ. ಒಂದು ಕೀ ಒತ್ತಿದರೆ ‘ಬಾಕಿ’ ಹೋಗಿ ‘ಆತು’ ಎಂದಾಗುತ್ತಿತ್ತು, ಪಕ್ಕದಲ್ಲಿ ತಾರೀಖೂ ಬೀಳುತ್ತಿತ್ತು. ಆ ಕೀಯನ್ನು ಅವಳು ಅವನಿಗೆ ಬಿಟ್ಟುಕೊಡುತ್ತಿರಲಿಲ್ಲ.

“ಕೆಲಸ ಮಾಡಿದಾಕಿ ನಾನು. ಒತ್ತಾಕಿನೂ ನಾನ.”

“ಒತ್ರಿ. ಆದ್ರ ಮೆಲ್ಲಕ. ಕೀಬೋರ್ಡ್ ನಮ್ಮಪ್ಪನ ಕೊಡಲಿ ಅಲ್ಲ.”

ಅವಳು ನಕ್ಕಾಗ ದುಪಟ್ಟಾದ ಅಂಚನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನಗು ಕಣ್ಣಲ್ಲಿ ಉಳಿಯುತ್ತಿತ್ತು. ಸುಭಾಸ ಪರದೆ ನೋಡುವ ನೆವದಲ್ಲಿ ಅದರ ಗಾಜಿನಲ್ಲಿ ಆ ಕಣ್ಣು ನೋಡುತ್ತಿದ್ದ. ಮೂರನೇ ವಾರ ಅವಳು ಗಾಜಿನಲ್ಲೇ ಅವನನ್ನು ಹಿಡಿದಳು.

“ಅಂಕಿ ಅಲ್ಲಿ ಇಲ್ಲರಿ. ಎಡಕ್ಕ ಅದಾವು.”

ಹೊಲದ ಸಂಗತಿಯನ್ನು ಅವಳು ತುಂಡು ತುಂಡಾಗಿ ಹೇಳಿದಳು. ಮುನವಳ್ಳಿಯಲ್ಲಿ ಅಪ್ಪ ಖಾಸಿಮಸಾಬನದು ಎಂಟು ಎಕರೆ. ಅಣ್ಣ ಫಾರೂಕ್‌ಗೆ ಎಂಟೂ ಎಕರೆಗೆ ಕಬ್ಬು ಹಚ್ಚುವ ಆಸೆ. ಅವಳು ಹಟ ಹಿಡಿದು ಒಂದು ಎಕರೆಯನ್ನು ಒಂದು ವರ್ಷದ ಮಟ್ಟಿಗೆ ಬಿಡಿಸಿಕೊಂಡಿದ್ದಳು. ಕಂಪನಿ ಕೇಳಿದ್ದು ತೊಂಬತ್ತು ಕಿಲೊ ಬೀಜ. ಅಷ್ಟು ಬಂದರೆ ಎಕರೆ ಅವಳ ಕೈಯಲ್ಲೇ ಉಳಿಯುತ್ತದೆ. ಬರದಿದ್ದರೆ ಕಬ್ಬು.

“ಕಬ್ಬಿಗೆ ಏನೂ ಬೇಕಾಗಿಲ್ಲ. ನೀರ ಬಿಟ್ಟ ಮಲಗೂದು. ಹೂ ಎಣಸೂದಿಲ್ಲ, ಏನಿಲ್ಲ.”

“ಹಂಗಾದ್ರ ಗುರುವಾರನೂ ಇಲ್ಲ,” ಎಂದ ಸುಭಾಸ.

ಅವಳು ನೋಟ್‌ಬುಕ್ಕಿನಿಂದ ಕಣ್ಣೆತ್ತಿದಳು. ಹೊರಗೆ ಶಂಕ್ರೆಪ್ಪ ಯಾರಿಗೋ ಹಗ್ಗ ಅಳೆದುಕೊಡುತ್ತ ಮಾರು ಎಣಿಸುತ್ತಿದ್ದ. ಎಣಿಕೆ ಏಳಕ್ಕೆ ಬಂತು.

“ಇಲ್ಲ,” ಅಂದಳು. “ಗುರುವಾರನೂ ಇಲ್ಲ.”

ಆಗಸ್ಟ್ ನಡುವಿನಲ್ಲಿ ಹತ್ತಿ ಹೂ ಬಿಡತೊಡಗಿತು. ನಿಜವಾದ ಕೆಲಸ ಶುರುವಾದದ್ದು ಆಗ. ನಾಳೆ ಅರಳಲಿರುವ ಹೆಣ್ಣು ಸಾಲಿನ ಮೊಗ್ಗನ್ನು ಇಂದು ಸಂಜೆ ಸುಲಿದು ಒಳಗಿನ ಪರಾಗದ ಎಳೆಗಳನ್ನು ತೆಗೆಯಬೇಕು. ಅದಕ್ಕೆ ಕೆಂಪು ಕಾಗದದ ಟೊಪ್ಪಿಗೆ ತೊಡಿಸಬೇಕು. ಮರುದಿನ ಬೆಳಿಗ್ಗೆ ಟೊಪ್ಪಿಗೆ ತೆಗೆದು ಗಂಡು ಸಾಲಿನ ಹೂವನ್ನು ಮುಟ್ಟಿಸಬೇಕು. ಮಧ್ಯಾಹ್ನ ಹನ್ನೆರಡು ದಾಟಿದರೆ ಆ ಹೂವು ಕಾಯಿ ಕಟ್ಟುವುದಿಲ್ಲ. ಹನ್ನೆರಡು ಹೆಣ್ಣುಮಕ್ಕಳು ಈ ಕೆಲಸ ಮಾಡುತ್ತಿದ್ದರು. ಅವರ ಮುಂದಾಳು ಶಟ್ಟೆವ್ವ. ಮುಟ್ಟಿಸಿದ ನೂರು ಹೂವಿಗೆ ನಲವತ್ತು ಕಾಯಿ ನಿಲ್ಲುತ್ತಿದ್ದವು ಎಂದು ಸುಭಾಸನ ಕೋಷ್ಟಕ ಹೇಳುತ್ತಿತ್ತು.

ತಸ್ಲೀಮ್ ಸೊರಗಿದ್ದಳು. ಒಂದು ದಿನವೂ ಹೊಲ ಬಿಟ್ಟಿರಲಿಲ್ಲ. ಗುರುವಾರ ಕೂಡ ಬೆಳಗಿನ ಕೆಲಸ ಮುಗಿಸಿ ಬಸ್ಸು ಹತ್ತುತ್ತಿದ್ದಳು.

“ದಿನಾ ನೀವ ನಿಂತ ಹೇಳೂದ ಯಾಕ? ಇಡೀ ವಾರದ ಪಟ್ಟಿ ತಾನ ತಯಾರ ಆಗೂಹಂಗ ಮಾಡತೇನಿ,” ಎಂದ ಸುಭಾಸ. “ಪಂಪ್‌ಸೆಟ್ ಖೋಲಿಗೆ ಹಚ್ಚಿಬಿಡ್ರಿ. ಅದನ್ನ ನೋಡಿ ಮಾಡತಾರ.”

ಆಗಸ್ಟ್ ಮೂವತ್ತೊಂದರ ಗುರುವಾರಕ್ಕೆ ಅದನ್ನು ಮುಗಿಸಿದ್ದ. ಮೊದಲ ತಾರೀಖು ಕೊಟ್ಟರೆ ಸಾಕು. ಸಂಜೆ ಎಷ್ಟು ಸಾಲು ಸುಲಿಯಬೇಕು, ಬೆಳಿಗ್ಗೆ ಯಾವ ಸಾಲಿಗೆ ಮುಟ್ಟಿಸಬೇಕು ಎಲ್ಲ ತಾನೇ ಬೀಳುತ್ತಿತ್ತು. ರಜೆಯನ್ನೂ ಸೇರಿಸಿದ್ದ. ರಜೆ ಯಾವಾಗ ಎಂದು ಅವಳನ್ನು ಕೇಳಿರಲಿಲ್ಲ. ಕೇಳುವ ಅಗತ್ಯ ಅವನಿಗೆ ಕಂಡಿರಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದ: ಸೋಮವಾರ ಅಪ್ಪನ ಅಂಗಡಿ ರೈತರಿಂದ ತುಂಬುತ್ತದೆ, ಯಾಕೆಂದರೆ ಸೋಮವಾರ ಹೊಲದ ಕೆಲಸವಿಲ್ಲ. ಸೋಮವಾರವನ್ನು ಖಾಲಿ ಬಿಟ್ಟು, ಅಂದಿನ ಕೆಲಸವನ್ನು ಮಂಗಳವಾರಕ್ಕೆ ಸರಿಸುವ ಒಂದು ಸಾಲು ಬರೆದ.

ನಿಜ ಹೇಳಬೇಕೆಂದರೆ, ಸೋಮವಾರ ಖಾಲಿ ಇರುವುದು ಅವನಿಗೂ ಬೇಕಾಗಿತ್ತು.

“ಸೋಮವಾರ ಕಿತ್ತೂರಿಗೆ ಬರತೀರೇನು?” ಎಂದು ಕೇಳಿದ. ಕೇಳಿದ ಮೇಲೆ ಪ್ರಿಂಟರಿನ ಹಾಳೆಗಳನ್ನು ಎರಡೆರಡು ಸಲ ಜೋಡಿಸಿದ.

“ಕಿತ್ತೂರಾಗ ಏನೈತಿ?”

“ಕೋಟೆ ಐತಿ.”

“ಬಿದ್ದಿದ್ದ ಕೋಟೆ. ಸಾಲ್ಯಾಗಿದ್ದಾಗ ಟ್ರಿಪ್ಪಿಗೆ ಹೋಗಿ ನೋಡೇನಿ.”

“ನನ್ನ ಜೋಡಿ ನೋಡಿಲ್ಲ.”

ಅವಳು ಪ್ರಿಂಟ್ ತೆಗೆದುಕೊಂಡು, ನೋಡದೆ ನಾಲ್ಕಾಗಿ ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟಳು. ಆರು ಸಲ ಅಂಕಿ ತಿರುವಿ ಪರೀಕ್ಷಿಸಿದ ಹುಡುಗಿ ಆ ಹಾಳೆಯನ್ನು ಒಂದು ಸಲವೂ ನೋಡಲಿಲ್ಲ.

“ಭಾನುವಾರ ಸಂಪಗಾಂವದಾಗ ಅವ್ವನ ತಂಗಿ, ನಮ್ಮ ಖಾಲಾನ ಮನ್ಯಾಗ ರಾತ್ರಿ ಇಳೀತೇನಿ. ಒಂದಿನ ಶಟ್ಟೆವ್ವ ನೋಡ್ಕೋತಾಳ. ಪಟ್ಟಿ ಐತೆಲ್ಲಾ,” ಅಂದಳು. ಬಾಗಿಲಲ್ಲಿ ತಿರುಗಿ, “ಹತ್ತಕ್ಕ. ತಡ ಮಾಡಿದ್ರ ನಾ ಒಬ್ಬಾಕಿನ ನೋಡ್ಕೊಂಡ ಹೊಕ್ಕೇನಿ, ಸಾವಕಾರ್ರ.”

ಸೋಮವಾರ ಅವನು ಒಂಬತ್ತಕ್ಕೇ ಕಿತ್ತೂರಿಗೆ ಹೋಗಿ ನಿಂತಿದ್ದ, ಗೆಳೆಯನ ಹೀರೋ ಹೊಂಡಾದ ಮೇಲೆ. ಅವಳು ಒಂಬತ್ತೂಕಾಲಿಗೆ ಬಸ್ಸಿನಿಂದ ಇಳಿದಳು.

ಹಸಿರು ಸಲ್ವಾರ್ ತೊಟ್ಟಿದ್ದಳು. ಚಪ್ಪಲಿಗೆ ಮಣ್ಣು ಇರಲಿಲ್ಲ. ಬಿದ್ದ ಗೋಡೆಗಳ ನಡುವೆ ನೆರಳು ಹುಡುಕಿ ಕುಳಿತರು. ಖಾಲಾ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಅವಳು ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ಅವನ ಕಡೆ ಸರಿಸಿದಳು. ಗಾಳಿಗೆ ದುಪಟ್ಟಾ ಹಾರಿ ಅವನ ಮೊಣಕೈಗೆ ತಾಗುತ್ತಿತ್ತು. ಅವಳು ಎಳೆದುಕೊಳ್ಳಲಿಲ್ಲ. ಅವನು ಮೊಣಕೈ ಸರಿಸಲಿಲ್ಲ.

“ಟೈಮ್ ಎಷ್ಟಾತು?” ಎಂದು ಅವನ ಮಣಿಕಟ್ಟನ್ನು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಒರಟು ಬೆರಳು, ತುದಿಯಲ್ಲಿ ಮೊಗ್ಗು ಸುಲಿದ ಕಲೆ. ಗಡಿಯಾರ ನೋಡಿದ ಮೇಲೂ ಕೈ ಬಿಡಲಿಲ್ಲ.

“ಹತ್ತಕ್ಕ ಹತ್ತ ಮಿನಿಟ್ ಐತಿ. ನಮ್ಮ ಹೆಣ್ಮಕ್ಕಳು ಈಗ ಮೂರನೇ ಸಾಲಿನ್ಯಾಗ ಇರಬೇಕು.”

ಸುಭಾಸ ಆ ಬೆರಳುಗಳನ್ನೇ ನೋಡುತ್ತ ಅಂದ, “ಇವತ್ತೆಲ್ಲಿ? ರಜಾ ಅಲ್ಲ.”

“ಯಾರಿಗೆ ರಜಾ?”

“ಹೊಲದಾವ್ರಿಗೆ. ಸೋಮವಾರ ಅಲ್ಲೇನು? ಪಟ್ಟ್ಯಾಗ ಖಾಲಿ ಬಿಟ್ಟೇನಿ.”

ಅವಳ ಕೈ ಅವನ ಮಣಿಕಟ್ಟಿನ ಮೇಲೆ ಹಾಗೇ ಇತ್ತು. ಅದರ ಬಿಗಿ ಮಾತ್ರ ಬದಲಾಯಿತು.

“ರಜಾ ಎತ್ತಿಗೆ, ಸುಭಾಸ,” ಅಂದಳು ಮೆಲ್ಲಗೆ. “ಬಸವಣ್ಣನ ದಿನಾ ಎತ್ತ ಹೂಡಂಗಿಲ್ಲ. ನಮ್ಮ ಅಬ್ಬಾನೂ ಹೂಡಂಗಿಲ್ಲ, ಊರಾಗ ಯಾರೂ ಹೂಡಂಗಿಲ್ಲ. ಕೈ ಕೆಲಸ ಯಾವ ಸೋಮವಾರ ನಿಂತೈತಿ?”

ಎರಡು ತಿಂಗಳಿಂದ ಅವಳು ತನ್ನ ಹೆಸರು ಹಿಡಿದು ಕರೆಯಲಿ ಎಂದು ಕಾದಿದ್ದ. ಅದು ಹೀಗೆ ಬಂತು.

“ಅವರಿಗೆ ಗೊತ್ತಿರತೈತಲ್ಲಾ,” ಎಂದ. “ಪಟ್ಟ್ಯಾಗ ಇಲ್ಲಂದ್ರೂ ಹೋಗತಾರ.”

“ಕಂಪ್ಯೂಟರ್ ಹಾಳಿ ಅದು. ಕಂಪನಿ ಹುಕುಂ ಅಂತ ತಿಳದಿರತಾರ. ನಿನ್ನೆ ಸಂಜೀ ಸುಲದ ಮೊಗ್ಗೆಲ್ಲಾ ಹಂಗ ನಿಂತಿರತಾವು.” ಕೈ ಚಾಚಿದಳು. “ಫೋನ್ ಕೊಡ್ರಿ.”

ಅವನು ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡ. “ಯಾರಿಗೆ?”

“ಅಣ್ಣಗ.”

“ಖಾಲಾನ ಮನಿಯಿಂದ ಮಾಡೇನಿ ಅನ್ರಿ.”

“ಖಾಲಾನ ಮನ್ಯಾಗ ಫೋನ್ ಇಲ್ಲ. ಈ ನಂಬರ್ ನಿಮ್ಮ ಅಂಗಡಿ ಚೀಟಿ ಮ್ಯಾಲ ಐತಿ, ಆ ಚೀಟಿ ನಮ್ಮ ಮನ್ಯಾಗ ಐತಿ. ಕೊಡ್ರಿ. ಹನ್ನೆರಡಕ್ಕ ಎರಡ ತಾಸು ಉಳದಾವು.”

ಕೊಟ್ಟ. ಅವಳು ಉರ್ದುವಿನಲ್ಲಿ ಮಾತಾಡಿದಳು. ಪೇಟೆಯಲ್ಲಿ ಬೆಳೆದ ಸುಭಾಸನಿಗೆ ಎಲ್ಲ ಅರ್ಥವಾಯಿತು. ಮೊದಲು ಹೂವಿನ ಮಾತು; ಸಿಕ್ಕಷ್ಟು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಹೊಲಕ್ಕೆ ಓಡು ಎಂದಳು. ಆಮೇಲೆ ಅಣ್ಣ ಏನೋ ಕೇಳಿದ. “ಕಿತ್ತೂರಿನಲ್ಲಿ,” ಅಂದಳು. ಮತ್ತೇನೋ ಕೇಳಿದ. ಅವಳು ಸುಭಾಸನ ಮುಖ ನೋಡುತ್ತ ಅವನ ಹೆಸರು ಹೇಳಿದಳು. ಸುಳ್ಳು ಸೇರಿಸಲಿಲ್ಲ, ಕ್ಷಮೆ ಕೇಳಲಿಲ್ಲ. ಆ ಕಡೆ ಫೋನ್ ಕಟ್ಟಾಯಿತು.

ಬೈಲಹೊಂಗಲ ದಾಟಿ ಮುನವಳ್ಳಿಯವರೆಗೆ ಅವಳು ಗಾಡಿಯ ಹಿಂದೆ ಕುಳಿತಿದ್ದಳು. ತಗ್ಗು ಬಂದಲ್ಲೆಲ್ಲ ಅವನ ಭುಜ ಹಿಡಿದಳು. ಸುಭಾಸ ಇಂಥ ಒಂದು ಪ್ರಯಾಣವನ್ನು ಎಷ್ಟೋ ಸಲ ಮನಸ್ಸಿನಲ್ಲಿ ಮಾಡಿದ್ದ. ಅದರಲ್ಲಿ ಇಬ್ಬರೂ ಮಾತಾಡುತ್ತಿದ್ದರು.

ಹೊಲ ಮುಟ್ಟಿದಾಗ ಹನ್ನೊಂದು ದಾಟಿ ಇಪ್ಪತ್ತು ನಿಮಿಷ. ಏಳು ಹೆಣ್ಣುಮಕ್ಕಳು ಸಾಲಿನಲ್ಲಿದ್ದರು. ಉಳಿದ ಐವರು ಯಾರದೋ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಹೋಗಿಬಿಟ್ಟಿದ್ದರು. ಫಾರೂಕ್ ಲುಂಗಿ ಎತ್ತಿ ಕಟ್ಟಿ, ಕೈಯಲ್ಲಿ ಗಂಡು ಹೂ ಹಿಡಿದು, ಟೊಪ್ಪಿಗೆ ಕೀಳುತ್ತ ನಡೆದಿದ್ದ. ಅವನಿಗೆ ಆ ಕೆಲಸ ಬರುತ್ತಿರಲಿಲ್ಲ. ಆದರೂ ಮಾಡುತ್ತಿದ್ದ.

ಶಟ್ಟೆವ್ವ ತಲೆಯ ಮೇಲೆ ಕೈ ಹೊತ್ತು ಬಂದಳು. “ಸಾವಂತ್ರೆವ್ವ ಹತ್ತನೇತ್ತ ಓದ್ಯಾಳಲ್ಲ, ಆಕಿನ ಓದಿ ಹೇಳಿದಳವ್ವಾ. ಸೋಮವಾರ ಏನೂ ಬರದಿಲ್ಲ ಅಂದಳು. ಕಂಪನ್ಯಾವ್ರ ನಮಗೂ ಎತ್ತಿನಂಗ ಒಂದ ದಿನಾ ಸೂಟಿ ಕೊಟ್ಟಾರ, ಛಲೋ ಮಂದಿ ಅಂದ್ವಿ.”

ತಸ್ಲೀಮ್ ಹಸಿರು ದುಪಟ್ಟಾವನ್ನು ನಡುವಿಗೆ ಬಿಗಿದು ಸಾಲಿಗಿಳಿದಳು.

ಸುಭಾಸ ಬದುವಿನ ಮೇಲೆ ನಿಂತಿದ್ದ. ಫಾರೂಕ್ ಅವನ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡ ಸುಭಾಸ. ಫಾರೂಕ್ ಅವನ ಕೈಗೆ ಒಂದು ಹಳದಿ ಹೂ ಕೊಟ್ಟ.

“ನಿಂತ ಏನ ನೋಡತಿ? ಟೊಪ್ಪಿಗಿ ತಗಿ, ಮುಟ್ಟಸು, ಮುಂದ ಹೋಗು. ನಿನ್ನ ಮಾತ ಆಮ್ಯಾಲೆ ಆಡೂಣು.”

ಹನ್ನೆರಡರ ತನಕ ಸುಭಾಸ ನಲವತ್ತೊಂದು ಹೂ ಮುಟ್ಟಿಸಿದ. ಪಕ್ಕದ ಸಾಲಿನಲ್ಲಿ ತಸ್ಲೀಮ್ ಅಷ್ಟೇ ಹೊತ್ತಿನಲ್ಲಿ ಇನ್ನೂರು ದಾಟಿದಳು. ನೆರಳು ಕಾಲಡಿಗೆ ಬಂದಾಗ ಅವಳು ನೆಟ್ಟಗೆ ನಿಂತು “ಸಾಕು” ಅಂದಳು. ಮುಂದಿನ ಸಾಲುಗಳಲ್ಲಿ ಕೆಂಪು ಟೊಪ್ಪಿಗೆಗಳು ಹಾಗೇ ಇದ್ದವು. ಬದುವಿಗೆ ಬಂದು ನಿಂತಿದ್ದ ಖಾಸಿಮಸಾಬ ಮಗಳನ್ನು ಒಂದೇ ಮಾತು ಕೇಳಿದ: “ಎಷ್ಟ ಉಳದ್ವು?” ಸುಭಾಸನನ್ನು ನೋಡಿದ.

ಗುರುವಾರ ಅವಳು ಬಂದಳು. ಜೊತೆಗೆ ಫಾರೂಕ್. ಅವನು ಹಗ್ಗದ ಅಂಗಡಿಯ ಕಟ್ಟೆಯಲ್ಲಿ ಶಂಕ್ರೆಪ್ಪನ ಜೊತೆ ಚಹಾ ಕುಡಿಯುತ್ತ ಕುಳಿತ. ಖೋಲಿಯ ಬಾಗಿಲು ತೆರೆದೇ ಇತ್ತು.

“ಬರೀರಿ,” ಅಂದಳು. “ಭಾನುವಾರ ಸುಲದಿದ್ದು ಎರಡ ಸಾವಿರದ ಆರನೂರಾ ಹತ್ತು. ಸೋಮವಾರ ಮುಟ್ಟಿಸಿದ್ದು ಒಂದ ಸಾವಿರದ ನಾಕನೂರಾ ಎಪ್ಪತ್ತು.”

ಬರೆದ. ಸೂತ್ರ ಉಳಿದದ್ದನ್ನು ಬರೆಯಿತು. ಇಬ್ಬರೂ ಆ ಅಂಕಿಯನ್ನು ಓದಿದರು.

“ಅಬ್ಬಾ ಭಾಳ ಬೈದ್ರೇನು?”

“ಬೈಲಿಲ್ಲ. ಬೈದಿದ್ರ ಹಗುರ ಆಕ್ಕಿತ್ತು. ಒಂದ ಮಾತ ಕೇಳಿದ್ರು. ಹೊಲ ಬೇಕೇನ, ಬೈಲಹೊಂಗಲ ಬೇಕೇನ ಅಂತ. ಎರಡೂ ಕೊಟ್ಟ ಊರಾಗ ಬಾಳೇ ಮಾಡೂದು ನನ್ನ ಕೈಲೆ ಆಗೂದಿಲ್ಲವ್ವಾ ಅಂದ್ರು.”

“ನೀವ ಏನಂದ್ರಿ?”

“ಹೊಲ ಅಂದೆ.”

ಸುಭಾಸ ಮೂರು ದಿನ ಕೂತು ಮಾತು ಜೋಡಿಸಿಟ್ಟುಕೊಂಡಿದ್ದ. ಅದರಲ್ಲಿ ಒಂದೇ ಬಾಯಿಗೆ ಬಂತು. “ರಜಿಸ್ಟರ್ ಲಗ್ನ ಅಂತ ಒಂದ ಇರತೈತಿ. ನಾ ಆಫೀಸಿಗೆ ಹೋಗಿ ವಿಚಾರ ಮಾಡೇನಿ.”

“ನಾನೂ ಮಾಡೇನಿ. ಹೋದ ತಿಂಗಳ.”

ಅವನು ತಲೆಯೆತ್ತಿದ. ಅವಳು ದುಪಟ್ಟಾ ಅಡ್ಡ ಹಿಡಿಯದೆ ನಕ್ಕಳು. ತುಂಬಾ ಸಣ್ಣ ನಗು.

“ಹಂಗ ಮಾಡಿದ್ರ ಮರುದಿನ ನನ್ನ ಎಕರೆದಾಗ ಕಬ್ಬ ನಿಂದರತೈತಿ. ದಿನಾ ನಿಮ್ಮ ಮುಖ ನೋಡಿದಾಗೆಲ್ಲಾ ನನಗ ಕಬ್ಬ ಕಾಣತೈತಿ. ಅದು ನಿಮಗೂ ಬ್ಯಾಡ, ನನಗೂ ಬ್ಯಾಡ. ನಿಮ್ಮನ್ನ ಬ್ಯಾಡ ಅಂದಿಲ್ಲರಿ ನಾ. ಅದನ್ನ ತಿಳಕೋರಿ.”

ಹೊರಗೆ ಶಂಕ್ರೆಪ್ಪ ಫಾರೂಕ್‌ಗೆ ಇನ್ನೊಂದು ಚಹಾ ಹೇಳುತ್ತಿದ್ದ. ಅವನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದು ಅವನ ದನಿಯಲ್ಲಿ ತಿಳಿಯುವಂತಿರಲಿಲ್ಲ.

ಸೋಮವಾರ ಖಾಲಿ ಬಿಡುವ ಆ ಒಂದು ಸಾಲನ್ನು ಸುಭಾಸ ಅಳಿಸಿದ. ಮುಂದಿನ ಎಂಟು ಗುರುವಾರಗಳ, ನವೆಂಬರ್ ಎರಡರ ತನಕದ ಪಟ್ಟಿಯನ್ನು ಪ್ರಿಂಟ್ ಮಾಡಿದ. ಎಲ್ಲ ಸೋಮವಾರಗಳೂ ತುಂಬಿದ್ದವು. ಲೆಕ್ಕ ಮಾಡುವ ಬಗೆಯನ್ನು ಬೇರೆ ಹಾಳೆಯಲ್ಲಿ ಕೈಯಿಂದ ಬರೆದ.

“ಕಾಯಿ ಎಷ್ಟ ನಿಂತಾವ, ಅದನ್ನ ಮುಟ್ಟಿಸಿದ ಹೂವಿನಿಂದ ಭಾಗಸ್ರಿ. ನೂರರಿಂದ ಗುಣಸ್ರಿ. ಶೇಕಡಾ ಬರತೈತಿ. ಸವದತ್ತಿ ನಿಮಗ ಹತ್ರ, ಅಲ್ಲೇ ಯಾರ ಹತ್ರಾದ್ರೂ ಟೈಪ್ ಮಾಡಸಿ ಅಣ್ಣನ ಕೈಲೆ ಕಳಸ್ರಿ.”

ಅವಳು ಆ ಹಾಳೆಯನ್ನು ಪೂರ್ತಿ ಓದಿದಳು. ಈ ಸಲ ಒಂದೊಂದೇ ಸಾಲು.

“ಇದು ನನಗ ಮೊದಲಿಂದ ಬರತೈತ್ರಿ,” ಅಂದಳು. “ನೀವ ಮಾಡೂದ ನೋಡಾಕ ಬರತಿದ್ದೆ.”

ಹಾಳೆಯನ್ನು ಮಡಚದೆ ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡಳು. ಫಾರೂಕ್ ಎದ್ದು ನಿಂತ. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅಣ್ಣ ಮುಂದೆ, ತಂಗಿ ಹಿಂದೆ. ತಿರುವಿನಲ್ಲಿ ಅವಳು ತಿರುಗಿ ನೋಡಲಿಲ್ಲ. ತಿರುಗಿದ್ದರೆ ಅವನು ಓಡಿಹೋಗುತ್ತಿದ್ದ, ಅದು ಅವಳಿಗೆ ಗೊತ್ತಿತ್ತು.

ಜನವರಿಯಲ್ಲಿ ಫಾರೂಕ್ ಎತ್ತಿಗೆ ಹಗ್ಗ ಕೊಳ್ಳಲು ಬಂದ. ಬೀಜ ತೊಂಬತ್ತೆರಡು ಕಿಲೊ ತೂಗಿತು ಎಂದ. ಕಂಪನಿ ಮುಂದಿನ ವರ್ಷಕ್ಕೂ ಬರೆದುಕೊಂಡಿತ್ತು. ಅಬ್ಬಾ ಪಕ್ಕದ ಇನ್ನೊಂದು ಎಕರೆಯನ್ನೂ ಅವಳಿಗೇ ಬಿಟ್ಟಿದ್ದ. ಸುಭಾಸ ಹಗ್ಗವನ್ನು ತಾನೇ ಅಳೆದು, ಒಂದು ಮಾರು ಹೆಚ್ಚೇ ಕೊಟ್ಟ. ಫಾರೂಕ್‌ಗೆ ಅದು ತಿಳಿಯಿತು. ಬೇಡ ಅನ್ನಲಿಲ್ಲ.

ಆ ಸೋಮವಾರ ಹೋದದ್ದು ಇಷ್ಟು. ಮೊಗ್ಗು, ಒಂದು ಸಾವಿರದ ನೂರಾ ನಲವತ್ತು. ಅವುಗಳಲ್ಲಿ ಕಟ್ಟಬಹುದಾಗಿದ್ದ ಕಾಯಿ, ನಾಲ್ಕುನೂರಾ ಐವತ್ತಾರು. ಗುರುವಾರ, ಎಂಟು.